ಗ್ಲೂಕೋಸ್ ಬಾಟಲಿ ಅಂದ್ರೆ ಊಟ ಅಲ್ಲ: ಬಾಯಿಂದ ತಿನ್ನೋಕಾಗದ ರೋಗಿಗೆ ರಕ್ತನಾಳದ ಮೂಲಕ ಆಹಾರ ಕೊಡೋದು ಹೇಗೆ? ಯಾರಿಗೆ? ಯಾವಾಗ?

ತಾಲ್ಲೂಕು ಆಸ್ಪತ್ರೆಯ ವಾರ್ಡ್ ಇರಲಿ, ಜಿಲ್ಲಾ ಕೇಂದ್ರದ ದೊಡ್ಡ ನರ್ಸಿಂಗ್ ಹೋಂ ಇರಲಿ, ಈ ಮಾತು ಎಲ್ಲಾ ಕಡೆ ಕೇಳಿಬರುತ್ತೆ. ನೋಡೋಕೆ ಬಂದ ನೆಂಟರು "ಏನಾದ್ರೂ ಊಟ ಮಾಡಿದ್ರಾ?" ಅಂತ ಕೇಳ್ತಾರೆ. ಪಕ್ಕದಲ್ಲಿ ಕೂತವರು ಸ್ಟ್ಯಾಂಡಿಗೆ ನೇತುಹಾಕಿದ ಬಾಟಲಿ ತೋರಿಸಿ, "ಇಲ್ಲ, ಆದ್ರೆ ಗ್ಲೂಕೋಸ್ ಹೋಗ್ತಾ ಇದೆಯಲ್ಲ, ಸಾಕು" ಅಂತಾರೆ. ಇಬ್ಬರಿಗೂ ಸಮಾಧಾನ ಆಗುತ್ತೆ.

ಒಂದು ದಿನ, ಎರಡು ದಿನದ ಮಟ್ಟಿಗೆ ಈ ಸಮಾಧಾನದಿಂದ ದೊಡ್ಡ ತೊಂದರೆ ಇಲ್ಲ. ಆದರೆ ಅದೇ ರೋಗಿ ಐದು ದಿನ, ಎಂಟು ದಿನ ಏನೂ ತಿನ್ನದೆ ಮಲಗಿದ್ದರೆ, ಆ ಬಾಟಲಿಯನ್ನೇ ಊಟ ಅಂತ ನಂಬಿಕೊಂಡು ಕೂರೋದು ಅಪಾಯ. ಯಾಕೆಂದರೆ ಸಾಮಾನ್ಯವಾಗಿ ಹಾಕುವ ಡ್ರಿಪ್‌ನಲ್ಲಿ ಊಟ ಇಲ್ಲ. ಇರೋದು ನೀರು, ಉಪ್ಪು, ಸ್ವಲ್ಪ ಸಕ್ಕರೆ ಅಷ್ಟೇ.

ರಕ್ತನಾಳದ ಮೂಲಕ ನಿಜವಾಗಿಯೂ ಪೂರ್ತಿ ಊಟ ಕೊಡುವ ವಿಧಾನ ಬೇರೆಯೇ ಇದೆ. ಅದಕ್ಕೆ ಟೋಟಲ್ ಪ್ಯಾರೆಂಟರಲ್ ನ್ಯೂಟ್ರಿಷನ್, ಚಿಕ್ಕದಾಗಿ ಟಿಪಿಎನ್ ಅಂತಾರೆ. ಡ್ರಿಪ್‌ಗೂ ಟಿಪಿಎನ್‌ಗೂ ಇರುವ ವ್ಯತ್ಯಾಸ ಗೊತ್ತಿದ್ದರೆ, ಆಸ್ಪತ್ರೆಯಲ್ಲಿ ಸರಿಯಾದ ದಿನ ಸರಿಯಾದ ಪ್ರಶ್ನೆ ಕೇಳೋಕೆ ಸಾಧ್ಯ.

ಬಾಟಲಿಯಲ್ಲಿ ಇರೋದು ಎಷ್ಟು? ಒಂದು ಅಂಗಡಿ ಲೆಕ್ಕ

ಕಿರಾಣಿ ಅಂಗಡಿಯವರು ತೂಕ ಹಾಕಿದ ಹಾಗೆ ಲೆಕ್ಕ ಹಾಕಿ ನೋಡಿ. ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಾಣುವ ಗ್ಲೂಕೋಸ್ ಬಾಟಲಿ ಮೇಲೆ "ಡೆಕ್ಸ್ಟ್ರೋಸ್ 5%" ಅಂತ ಬರೆದಿರುತ್ತೆ. ಅಂದರೆ 100 ಮಿಲಿ ನೀರಿಗೆ 5 ಗ್ರಾಂ ಸಕ್ಕರೆ. 500 ಮಿಲಿಯ ಪೂರ್ತಿ ಬಾಟಲಿಗೆ 25 ಗ್ರಾಂ. ಟೀ ಚಮಚದ ಲೆಕ್ಕದಲ್ಲಿ ಹೇಳಿದರೆ ಸುಮಾರು ಐದು ಚಮಚ.

ಇದರಿಂದ ಸಿಗುವ ಶಕ್ತಿ ಸುಮಾರು 85 ಕ್ಯಾಲೊರಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲೇ ಹೆಚ್ಚೂಕಡಿಮೆ 100 ಕ್ಯಾಲೊರಿ ಇರುತ್ತೆ. ಅಂದರೆ ಗಂಟೆಗಟ್ಟಲೆ ತೊಟ್ಟಿಕ್ಕುವ ಒಂದು ಬಾಟಲಿ ಒಂದು ಬಾಳೆಹಣ್ಣಿಗೂ ಸಮ ಅಲ್ಲ.

ಹಾಸಿಗೆಯಲ್ಲಿ ಮಲಗಿರುವ ರೋಗಿಗೆ ದಿನಕ್ಕೆ ಬೇಕಾಗೋದು ದೇಹದ ತೂಕದ ಪ್ರತಿ ಕೆಜಿಗೆ 25ರಿಂದ 30 ಕ್ಯಾಲೊರಿ ಅಂತ ವೈದ್ಯರು ಅಂದಾಜು ಹಾಕ್ತಾರೆ. 60 ಕೆಜಿ ತೂಕದವರಿಗೆ 1500ರಿಂದ 1800 ಕ್ಯಾಲೊರಿ ಆಯ್ತು. ಬರೀ 5% ಗ್ಲೂಕೋಸ್‌ನಿಂದ ಇಷ್ಟು ಕೊಡಬೇಕಾದರೆ ದಿನಕ್ಕೆ ಕನಿಷ್ಠ 17–18 ಬಾಟಲಿ, ಅಂದರೆ ಸುಮಾರು 9 ಲೀಟರ್ ಹಾಕಬೇಕು. ಅಷ್ಟು ನೀರು ಹಾಕಿದರೆ ರೋಗಿ ಉಳಿಯೋದೇ ಕಷ್ಟ.

ಇನ್ನು ಪ್ರೋಟೀನ್ ಲೆಕ್ಕ. ಕಾಯಿಲೆ ಬಿದ್ದವರಿಗೆ, ಆಪರೇಷನ್ ಆದವರಿಗೆ ತೂಕದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತೆ. 60 ಕೆಜಿಯವರಿಗೆ ಕನಿಷ್ಠ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಅಂತ ಹಿಡಿದರೆ ಹನ್ನೆರಡು ಮೊಟ್ಟೆಯಷ್ಟು. ಗ್ಲೂಕೋಸ್ ಬಾಟಲಿಯಲ್ಲಿ ಇರುವ ಪ್ರೋಟೀನ್ ಎಷ್ಟು? ಸೊನ್ನೆ.

ನಾರ್ಮಲ್ ಸಲೈನ್ ಅಂತ ಬರೆದಿದ್ದರೆ ಅದರಲ್ಲಿ ಸಕ್ಕರೆಯೂ ಇಲ್ಲ. 500 ಮಿಲಿ ನೀರಿಗೆ 4.5 ಗ್ರಾಂ ಉಪ್ಪು, ಅಷ್ಟೇ. ಡಿಎನ್‌ಎಸ್ ಅಂದರೆ ಆ ಉಪ್ಪು ಮತ್ತು 5% ಸಕ್ಕರೆ ಎರಡೂ ಇರುವ ಬಾಟಲಿ. ಆರ್‌ಎಲ್ ಅಂದರೆ ರಿಂಗರ್ ಲ್ಯಾಕ್ಟೇಟ್; ಅದರಲ್ಲಿರೋದು ಬೇರೆ ಬೇರೆ ಲವಣಗಳು. ಎಲ್ಲವನ್ನೂ ನಮ್ಮ ಕಡೆ "ಗ್ಲೂಕೋಸ್" ಅಂತಲೇ ಕರೆಯೋದು ರೂಢಿ. ಗೊಂದಲ ಶುರುವಾಗೋದೇ ಅಲ್ಲಿಂದ.

ಹಾಗಾದ್ರೆ ಡ್ರಿಪ್ ಯಾಕೆ ಹಾಕ್ತಾರೆ?

ಡ್ರಿಪ್ ಸುಳ್ಳು ಚಿಕಿತ್ಸೆ ಅಂತ ಇದರ ಅರ್ಥ ಅಲ್ಲ. ಅದರ ಕೆಲಸ ಬೇರೆ. ವಾಂತಿ ಭೇದಿಯಿಂದ ದೇಹದ ನೀರು ಹೋಗಿದ್ದರೆ, ರಕ್ತಸ್ರಾವ ಆಗಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಆಪರೇಷನ್‌ಗಾಗಿ ಬಾಯಿಗೆ ಏನೂ ಕೊಡಬಾರದು ಅಂತಿದ್ದರೆ ಅದು ಜೀವ ಉಳಿಸುತ್ತೆ. ಇಂಜೆಕ್ಷನ್ ಔಷಧ ಕೊಡೋಕೂ ಅದೇ ದಾರಿ.

ಡ್ರಿಪ್ ಹುಟ್ಟಿದ್ದೂ ನೀರಿನ ಚಿಕಿತ್ಸೆಯಾಗಿಯೇ. 1832ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹಬ್ಬಿದ್ದಾಗ, ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಟ್ಟಾ ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಕಿದ್ದರು. ಕಳೆದುಹೋದ ನೀರು, ಉಪ್ಪು ವಾಪಸ್ ಕೊಡೋದು ಆಗಿನ ಉದ್ದೇಶ. ಇವತ್ತಿನ ಸಾಮಾನ್ಯ ಡ್ರಿಪ್‌ನ ಉದ್ದೇಶವೂ ಮುಖ್ಯವಾಗಿ ಅದೇ. ಹೊಟ್ಟೆ ತುಂಬಿಸೋದು ಅದರ ಕೆಲಸ ಅಲ್ಲ.

ಊಟ ಇಲ್ಲದ ದೇಹದಲ್ಲಿ ಏನಾಗುತ್ತೆ?

ಆರೋಗ್ಯವಂತರು ಒಂದು ದಿನ ಉಪವಾಸ ಮಾಡಿದರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೂಕಡಿಮೆ ಮುಗಿಯುತ್ತೆ. ಆಮೇಲೆ ದೇಹ ಕೊಬ್ಬನ್ನು ಕರಗಿಸುತ್ತೆ, ಜೊತೆಗೆ ಮಾಂಸಖಂಡವನ್ನೂ ಒಡೆದು ಬಳಸುತ್ತೆ. ಏಕಾದಶಿ ಉಪವಾಸಕ್ಕೂ ಆಸ್ಪತ್ರೆಯ ಉಪವಾಸಕ್ಕೂ ವ್ಯತ್ಯಾಸ ಇರೋದು ಇಲ್ಲಿ. ಸೋಂಕು, ಸುಟ್ಟಗಾಯ, ದೊಡ್ಡ ಆಪರೇಷನ್ ಆದಾಗ ಮಾಂಸಖಂಡ ಕರಗುವ ವೇಗ ಇನ್ನೂ ಜಾಸ್ತಿ.

ಮಾಂಸಖಂಡ ಅಂದರೆ ಬರೀ ತೋಳು, ತೊಡೆ ಅಲ್ಲ. ಉಸಿರಾಟಕ್ಕೂ ಕೆಮ್ಮೋದಕ್ಕೂ ಸ್ನಾಯು ಬೇಕು. ಅವು ಸೊರಗಿದರೆ ಕಫ ಹೊರಹಾಕೋಕಾಗಲ್ಲ, ನ್ಯುಮೋನಿಯಾ ಬರುತ್ತೆ. ಪ್ರೋಟೀನ್ ಸಾಲದಿದ್ದರೆ ಹೊಲಿಗೆ ಹಾಕಿದ ಗಾಯ ಬೇಗ ಕೂಡಲ್ಲ. ರೋಗನಿರೋಧಕ ಶಕ್ತಿ ಕುಗ್ಗುತ್ತೆ. "ಆಪರೇಷನ್ ಚೆನ್ನಾಗೇ ಆಯ್ತು, ಆದ್ರೆ ಪೇಷೆಂಟ್ ಎದ್ದೇಳಲೇ ಇಲ್ಲ" ಅನ್ನೋ ಮಾತಿನ ಹಿಂದೆ ಎಷ್ಟೋ ಸಲ ಈ ಹಸಿವೂ ಇರುತ್ತೆ. ಊಟ ಇಲ್ಲದ್ದು ಬಿಪಿ, ಜ್ವರದ ಹಾಗೆ ಚಾರ್ಟ್‌ನಲ್ಲಿ ಎದ್ದು ಕಾಣಲ್ಲ.

ಮೊದಲ ದಾರಿ ಹೊಟ್ಟೆಯೇ

ಹಾಗಂತ ಬಾಯಿಂದ ತಿನ್ನದ ಎಲ್ಲರಿಗೂ ರಕ್ತನಾಳದ ಊಟ ಬೇಕಾಗಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಸೀದಾ ಸೂತ್ರ ಇದೆ: ಕರುಳು ಕೆಲಸ ಮಾಡ್ತಿದ್ದರೆ ಕರುಳನ್ನೇ ಬಳಸಿ.

ಬಾಯಿಂದ ಸ್ವಲ್ಪ ಹೋಗುತ್ತೆ ಅಂದರೆ ಗಂಜಿ, ಮೊಟ್ಟೆ, ಹಾಲು, ಪ್ರೋಟೀನ್ ಪುಡಿ ಸೇರಿಸಿ ಅದನ್ನೇ ಜಾಸ್ತಿ ಮಾಡ್ತಾರೆ. ನುಂಗೋಕೆ ಆಗಲ್ಲ, ಆದರೆ ಹೊಟ್ಟೆ ಸರಿಯಿದೆ ಅಂದರೆ ಮೂಗಿನಿಂದ ಹೊಟ್ಟೆಗೆ ತೆಳು ಕೊಳವೆ ಹಾಕ್ತಾರೆ. ಇದೇ ರೈಲ್ಸ್ ಟ್ಯೂಬ್. ಪಾರ್ಶ್ವವಾಯು ಹೊಡೆದವರು, ಪ್ರಜ್ಞೆ ತಪ್ಪಿದವರು, ಗಂಟಲು ಕ್ಯಾನ್ಸರ್ ಇರುವವರಿಗೆ ಹೆಚ್ಚಾಗಿ ಬಳಸೋದು ಇದನ್ನೇ. ತಿಂಗಳುಗಟ್ಟಲೆ ಬೇಕು ಅಂದಾಗ ಹೊಟ್ಟೆಯ ಮೇಲಿಂದ ನೇರವಾಗಿ ಜಠರಕ್ಕೆ ಕೊಳವೆ ಕೂರಿಸ್ತಾರೆ. ಅದಕ್ಕೆ ಪೆಗ್ ಅಂತಾರೆ. ಜಠರಕ್ಕೆ ಹಾಕಿದ್ದು ನಿಲ್ಲದಿದ್ದರೆ ಇನ್ನೂ ಮುಂದೆ, ಸಣ್ಣ ಕರುಳಿಗೇ ಕೊಳವೆ ಇಳಿಸಬಹುದು.

ಮೂಗಿನ ಕೊಳವೆ ನೋಡಿ ಮನೆಯವರು ಹೆದರೋದು ಸಹಜ. "ಅಷ್ಟು ಹಿಂಸೆ ಯಾಕೆ, ಬಾಟಲಿಯಲ್ಲೇ ಕೊಡಿ ಡಾಕ್ಟ್ರೇ" ಅಂತ ಬೇಡಿಕೊಳ್ಳೋರೂ ಇದ್ದಾರೆ. ಆದರೆ ಕೊಳವೆಯಲ್ಲಿ ಹೋಗುವ ಗಂಜಿ, ಹಾಲು ನಿಜವಾದ ಊಟ. ಕರುಳಿಗೆ ಕೆಲಸ ಸಿಕ್ಕರೆ ಅದರ ಒಳಪದರ ಗಟ್ಟಿಯಾಗಿರುತ್ತೆ, ಪಿತ್ತಕೋಶ ಸರಿಯಾಗಿ ಖಾಲಿಯಾಗುತ್ತೆ. ಖರ್ಚೂ ಕಡಿಮೆ, ರಕ್ತಕ್ಕೆ ಸೋಂಕು ತಗಲುವ ಅಪಾಯವೂ ಕಡಿಮೆ.

ಹೊಟ್ಟೆಯ ದಾರಿಯೇ ಮುಚ್ಚಿದಾಗ

ಹೊಟ್ಟೆಗೆ ಹಾಕೋಕೇ ಆಗದ, ಹಾಕಿದರೂ ದೇಹಕ್ಕೆ ಹತ್ತದ ಸಂದರ್ಭಗಳೂ ಇವೆ. ಟಿಪಿಎನ್ ಬೇಕಾಗೋದು ಆಗ.

ಕರುಳಿಗೆ ರಕ್ತ ಹರಿಯೋದು ನಿಂತು ಅದು ಕೊಳೆತುಹೋದರೆ ಸರ್ಜನ್ ಆ ಭಾಗ ಕತ್ತರಿಸಿ ತೆಗೆಯಬೇಕಾಗುತ್ತೆ. ವಯಸ್ಕರ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಇರುತ್ತೆ. ಉಳಿದದ್ದು 2 ಮೀಟರ್‌ಗಿಂತ ಕಡಿಮೆ ಆದರೆ ತಿಂದದ್ದನ್ನು ಹೀರಿಕೊಳ್ಳೋಕೆ ಜಾಗವೇ ಸಾಲದೆ ಹೋಗಬಹುದು. ಕರುಳಿನಲ್ಲಿ ಅಡ್ಡಿ ಇದ್ದು ಏನೂ ಮುಂದೆ ಹೋಗದಿದ್ದಾಗ, ಆಪರೇಷನ್ ಆದ ಮೇಲೆ ಎಷ್ಟು ದಿನವಾದರೂ ಕರುಳು ಚಲಿಸದಿದ್ದಾಗ, ಕರುಳಿಗೆ ತೂತು ಬಿದ್ದು ತಿಂದದ್ದೆಲ್ಲ ಹೊಟ್ಟೆಯ ಗಾಯದಿಂದ ಹೊರಗೆ ಸೋರುತ್ತಿದ್ದಾಗಲೂ ಇದು ಬೇಕಾಗಬಹುದು. ಮೇದೋಜೀರಕ ಗ್ರಂಥಿ ಜೋರಾಗಿ ಉರಿತಗೊಂಡಾಗ ಮೊದಲು ಕೊಳವೆಯಲ್ಲೇ ಪ್ರಯತ್ನ ಮಾಡ್ತಾರೆ. ಅದು ಆಗದಿದ್ದರೆ ಟಿಪಿಎನ್.

ಇನ್ನೊಂದು ದೊಡ್ಡ ಗುಂಪು ಅಂದರೆ ತಿಂಗಳು ತುಂಬುವ ತುಂಬಾ ಮೊದಲೇ ಹುಟ್ಟಿದ ಶಿಶುಗಳು. ಒಂದು ಕೆಜಿ ಆಸುಪಾಸಿನ ಮಗುವಿನ ಕರುಳು ಇನ್ನೂ ಬಲಿತಿರಲ್ಲ. ಕೂಡಿಟ್ಟ ಕೊಬ್ಬೂ ಇರಲ್ಲ. ಅಂಥ ಮಗುವಿಗೆ ತಾಯಿಹಾಲನ್ನು ಹನಿಹನಿಯಾಗಿ ಕೊಡ್ತಾ ಹೋಗ್ತಾರೆ. ಹಾಲು ಸಾಕಷ್ಟು ಹೋಗುವವರೆಗೆ ಉಳಿದ ಪೋಷಣೆಯನ್ನು ರಕ್ತನಾಳದಿಂದ ಕೊಡ್ತಾರೆ. ಇಲ್ಲಿ ಒಂದು ವಾರ ಕಾಯುವ ಮಾತಿಲ್ಲ. ಹುಟ್ಟಿದ ಮೊದಲ ದಿನವೇ ಶುರು ಮಾಡ್ತಾರೆ.

ಟಿಪಿಎನ್ ಚೀಲದಲ್ಲಿ ಏನಿರುತ್ತೆ?

ತಟ್ಟೆಯಲ್ಲಿ ಮುದ್ದೆ, ಸಾರು, ಮೊಸರು ಇದ್ದ ಹಾಗೆ ಈ ಚೀಲದಲ್ಲೂ ಎಲ್ಲಾ ಭಾಗ ಇರುತ್ತೆ. ಆದರೆ ಜೀರ್ಣ ಆದ ಮೇಲಿನ ರೂಪದಲ್ಲಿ. ಯಾಕೆಂದರೆ ಇಲ್ಲಿ ಹೊಟ್ಟೆ, ಕರುಳು ಮಾಡುವ ಕೆಲಸವನ್ನು ದಾಟಿ ನೇರ ರಕ್ತಕ್ಕೆ ಹೋಗಬೇಕು.

ಅನ್ನ, ರಾಗಿಯ ಜಾಗದಲ್ಲಿ ಗಾಢವಾದ ಗ್ಲೂಕೋಸ್ ಇರುತ್ತೆ. ಬೇಳೆ, ಮೊಟ್ಟೆ, ಮಾಂಸದ ಜಾಗದಲ್ಲಿ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಒಡೆದಾಗ ಸಿಗುವ ಚಿಕ್ಕ ತುಂಡುಗಳು. ಎಣ್ಣೆ, ತುಪ್ಪದ ಜಾಗದಲ್ಲಿ ಲಿಪಿಡ್ ಎಮಲ್ಷನ್. ಇದು ಹಾಲಿನ ಹಾಗೆ ಬೆಳ್ಳಗಿರುತ್ತೆ. "ರಕ್ತಕ್ಕೆ ಹಾಲು ಹಾಕ್ತಿದ್ದಾರೆ" ಅಂತ ಜನ ತಪ್ಪು ತಿಳಿಯೋದು ಇದನ್ನು ನೋಡಿಯೇ. ಅದು ಹಾಲಲ್ಲ. ಹೆಚ್ಚಾಗಿ ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯಿಂದ ತೆಗೆದ ಅಂಶದ ಜೊತೆ ಸೇರಿಸಿ, ಅತಿ ಸಣ್ಣ ಕಣ ಮಾಡಿ ನೀರಿನಲ್ಲಿ ಬೆರೆಸಿರುತ್ತಾರೆ. ಅದಕ್ಕೇ ಮೊಟ್ಟೆ ಅಥವಾ ಸೋಯಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಮೇಲಿಂದ ಸೋಡಿಯಂ, ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ, ಕ್ಯಾಲ್ಶಿಯಂ, ವಿಟಮಿನ್‌ಗಳು, ಸತು, ತಾಮ್ರದಂಥ ಸೂಕ್ಷ್ಮ ಖನಿಜಗಳು.

ಈಗ ಮೂರು ಕೋಣೆಗಳಿರುವ ಸಿದ್ಧ ಚೀಲ ಬರುತ್ತೆ. ಒಂದು ಕೋಣೆಯಲ್ಲಿ ಗ್ಲೂಕೋಸ್, ಒಂದರಲ್ಲಿ ಅಮೈನೋ ಆಮ್ಲ, ಇನ್ನೊಂದರಲ್ಲಿ ಕೊಬ್ಬು. ಹಾಕುವ ಮುಂಚೆ ನಡುವಿನ ಗೆರೆ ಒಡೆಯುವಂತೆ ಒತ್ತಿ ಬೆರೆಸ್ತಾರೆ. ವಿಟಮಿನ್, ಖನಿಜಗಳನ್ನು ಸಾಮಾನ್ಯವಾಗಿ ಆಮೇಲೆ ಸೇರಿಸ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಆಯಾ ರೋಗಿಯ ರಕ್ತಪರೀಕ್ಷೆ ನೋಡಿ, ಅವರಿಗೆ ತಕ್ಕಂತೆ ಮಿಶ್ರಣ ಮಾಡೋದೂ ಉಂಟು.

ಕೈಯ ಸಣ್ಣ ನರ ಯಾಕೆ ಸಾಲಲ್ಲ?

ಜನ "ನರ" ಅನ್ನೋದು ಇಲ್ಲಿ ರಕ್ತನಾಳ. ಸಾಮಾನ್ಯ ಡ್ರಿಪ್ ಕೈಯ ಸಣ್ಣ ರಕ್ತನಾಳಕ್ಕೆ ಹೋಗುತ್ತೆ. ಟಿಪಿಎನ್ ದ್ರವ ಬೆಲ್ಲದ ಪಾಕದಷ್ಟು ಅಲ್ಲದಿದ್ದರೂ ರಕ್ತಕ್ಕಿಂತ ತುಂಬಾ ಗಾಢ. ಸಣ್ಣ ರಕ್ತನಾಳಕ್ಕೆ ಬಿಟ್ಟರೆ ಅದು ಕೆಂಪಾಗಿ, ಊದಿಕೊಂಡು, ಹೆಪ್ಪುಗಟ್ಟಿ ಮುಚ್ಚಿಹೋಗುತ್ತೆ.

ಅದಕ್ಕೆ ಕುತ್ತಿಗೆ ಅಥವಾ ಭುಜದ ಮೂಳೆಯ ಕೆಳಗಿಂದ ಕೊಳವೆ ತೂರಿಸಿ, ಅದರ ತುದಿಯನ್ನು ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ ನಿಲ್ಲಿಸ್ತಾರೆ. ಇದು ಸೆಂಟ್ರಲ್ ಲೈನ್. ತೋಳಿನಿಂದಲೇ ಉದ್ದದ ಕೊಳವೆ ಹಾಕಿ ಅಲ್ಲಿಗೆ ಮುಟ್ಟಿಸಿದರೆ ಅದಕ್ಕೆ ಪಿಕ್ ಲೈನ್ ಅಂತಾರೆ. ಅಲ್ಲಿ ನಿಮಿಷಕ್ಕೆ ಲೀಟರ್‌ಗಟ್ಟಲೆ ರಕ್ತ ಹರಿಯುತ್ತೆ. ಬಿದ್ದ ದ್ರವ ತಕ್ಷಣ ತೆಳುವಾಗುತ್ತೆ. ತುಂಬಿದ ಹೊಳೆಗೆ ಒಂದು ಬಿಂದಿಗೆ ಪಾಕ ಸುರಿದ ಹಾಗೆ.

ಸ್ವಲ್ಪ ತೆಳು ಮಾಡಿದ ಚೀಲಗಳನ್ನು ಕೆಲವು ದಿನದ ಮಟ್ಟಿಗೆ ಕೈಯ ರಕ್ತನಾಳದಲ್ಲೂ ಕೊಡಬಹುದು. ಆದರೆ ಅದರಲ್ಲಿ ಪೂರ್ತಿ ಊಟ ಕೊಡೋದು ಕಷ್ಟ.

ನಾಯಿಮರಿಗಳಿಂದ ಶುರುವಾದ ಕಥೆ

ಬಾಯಿಗೆ ಏನೂ ಕೊಡದೆ ಬರೀ ರಕ್ತನಾಳದಿಂದ ಒಂದು ಜೀವ ಬೆಳೆಸೋಕೆ ಸಾಧ್ಯವೇ ಇಲ್ಲ ಅಂತ 1960ರ ದಶಕದವರೆಗೂ ಹೆಚ್ಚಿನ ವೈದ್ಯರು ನಂಬಿದ್ದರು. ಆ ಹೊತ್ತಿಗೆ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ರಕ್ತಕ್ಕೆ ಸುರಕ್ಷಿತವಾಗಿ ಕೊಡಬಹುದಾದ ಸೋಯಾ ಎಣ್ಣೆಯ ದ್ರವ ತಯಾರಿಸಿದ್ದರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಎಂಬ ಯುವ ಸರ್ಜನ್ ಮತ್ತು ಅವರ ತಂಡ ಬೀಗಲ್ ನಾಯಿಮರಿಗಳಿಗೆ ಬರೀ ಸೆಂಟ್ರಲ್ ಲೈನ್‌ನಿಂದಲೇ ಪೋಷಣೆ ಕೊಟ್ಟರು. ಬಾಯಿಂದ ತಿಂದ ಮರಿಗಳ ಹಾಗೆಯೇ ಅವೂ ಬೆಳೆದವು.

ಅದೇ ಹೊತ್ತಿಗೆ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಸಣ್ಣ ಕರುಳು ಹೆಚ್ಚೂಕಡಿಮೆ ಇಲ್ಲದೆ ಹುಟ್ಟಿದ್ದ ಹೆಣ್ಣುಮಗು ಸೊರಗಿ ಸಾಯುವ ಸ್ಥಿತಿಯಲ್ಲಿತ್ತು. ಅದಕ್ಕೂ ಇದೇ ವಿಧಾನ ಬಳಸಿದರು. ಮಗು ತೂಕ ಹಾಕಿತು, ಉದ್ದ ಬೆಳೆಯಿತು. ಕೊನೆಗೆ ಅದು ಉಳಿಯಲಿಲ್ಲ. ಆದರೆ ಮನುಷ್ಯರನ್ನು ಹೀಗೆ ತಿಂಗಳುಗಟ್ಟಲೆ ಪೋಷಿಸಬಹುದು ಅನ್ನೋದು ಸಾಬೀತಾಯಿತು. 1968ರಲ್ಲಿ ಈ ವರದಿಗಳು ಪ್ರಕಟವಾದವು. ಇವತ್ತು ಕರುಳು ಕಳೆದುಕೊಂಡವರು ವರ್ಷಗಟ್ಟಲೆ ಬದುಕುತ್ತಿರೋದು ಆ ಕೆಲಸದಿಂದ.

ಬೇಗ ಹಾಕಿದಷ್ಟೂ ಒಳ್ಳೇದಾ?

ಇಷ್ಟು ಓದಿದ ಮೇಲೆ "ಹಾಗಾದ್ರೆ ಮೊದಲ ದಿನವೇ ಟಿಪಿಎನ್ ಹಾಕಿಬಿಡಿ" ಅನ್ನಿಸಬಹುದು. ವೈದ್ಯರಿಗೂ ಹಾಗೇ ಅನ್ನಿಸಿತ್ತು. ಬೆಲ್ಜಿಯಂನ ಐಸಿಯುಗಳಲ್ಲಿ 4640 ವಯಸ್ಕ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎರಡು ದಿನದೊಳಗೆ ಟಿಪಿಎನ್ ಸೇರಿಸಿದವರಿಗಿಂತ, ಎಂಟನೇ ದಿನದವರೆಗೆ ಕಾದವರಲ್ಲಿ ಸೋಂಕು ಕಡಿಮೆ ಇತ್ತು, ಚೇತರಿಕೆಯೂ ಬೇಗ ಆಯಿತು.

ಅದಕ್ಕೆ ಈಗ ವೈದ್ಯರು ರೋಗಿಯನ್ನು ನೋಡಿ ದಿನ ನಿರ್ಧರಿಸ್ತಾರೆ. ಮೊದಲು ಚೆನ್ನಾಗಿ ಉಂಡು ಗಟ್ಟಿಮುಟ್ಟಾಗಿದ್ದವರಿಗೆ ಸುಮಾರು ಒಂದು ವಾರ ಕಾಯಬಹುದು. ಆಸ್ಪತ್ರೆಗೆ ಬರೋ ಮೊದಲೇ ತೂಕ ಇಳಿದು ಸೊರಗಿದ್ದವರಿಗೆ, ಹೊಟ್ಟೆಯ ದಾರಿ ಇಲ್ಲ ಅಂತ ಖಚಿತವಾದರೆ, ಅಷ್ಟು ದಿನ ಕಾಯಲ್ಲ.

ಇಲ್ಲೇ ಮನೆಯವರ ಮಾತಿಗೆ ಬೆಲೆ ಇರೋದು. "ಆರು ತಿಂಗಳಿಂದ ಇವರ ಬಟ್ಟೆಯೆಲ್ಲ ಸಡಿಲ ಆಗಿದೆ, ಹದಿನೈದು ದಿನದಿಂದ ಅರ್ಧ ಊಟವೂ ಮಾಡ್ತಿಲ್ಲ" ಅನ್ನೋ ವಿಷಯ ಮನೆಯವರಿಗೆ ಮಾತ್ರ ಗೊತ್ತಿರುತ್ತೆ. ಅದನ್ನು ಅಡ್ಮಿಟ್ ಆದ ದಿನವೇ ಹೇಳಬೇಕು.

ಅಪಾಯ ಎಲ್ಲೆಲ್ಲಿ?

ಮೊದಲನೆಯದು ಸೋಂಕು. ಲೈನ್‌ನ ತುದಿ ಹೃದಯದ ಹತ್ತಿರ ಇರೋದರಿಂದ ಅದರ ಮೂಲಕ ಒಳಹೋದ ಕೀಟಾಣು ನೇರ ರಕ್ತಕ್ಕೆ ಸೇರುತ್ತೆ. ಟಿಪಿಎನ್ ಹಾಕಿಸಿಕೊಂಡವರಿಗೆ ಚಳಿ ನಡುಕದ ಜೊತೆ ಜ್ವರ ಬಂದರೆ "ಬೆಳಗ್ಗೆ ಹೇಳೋಣ" ಅನ್ನಬಾರದು. ಆ ಕ್ಷಣವೇ ನರ್ಸ್‌ಗೆ ಹೇಳಬೇಕು.

ಎರಡನೆಯದು ಸಕ್ಕರೆ. ಗಾಢ ಗ್ಲೂಕೋಸ್ ಹೋಗೋದರಿಂದ ಶುಗರ್ ಇಲ್ಲದವರಿಗೂ ರಕ್ತದ ಸಕ್ಕರೆ ಏರಬಹುದು. ಅದಕ್ಕೆ ದಿನಕ್ಕೆ ಹಲವು ಸಲ ಬೆರಳು ಚುಚ್ಚಿ ನೋಡ್ತಾರೆ, ಬೇಕಾದರೆ ಇನ್ಸುಲಿನ್ ಕೊಡ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಸಕ್ಕರೆ ಕುಸಿಯಲೂಬಹುದು.

ಮೂರನೆಯದು ರೀಫೀಡಿಂಗ್ ಸಿಂಡ್ರೋಮ್. ಎರಡನೇ ಮಹಾಯುದ್ಧ ಮುಗಿದಾಗ ತಿಂಗಳುಗಟ್ಟಲೆ ಹಸಿದಿದ್ದ ಕೈದಿಗಳಿಗೆ ಹೊಟ್ಟೆ ತುಂಬ ಊಟ ಕೊಟ್ಟಾಗ ಕೆಲವರು ಸತ್ತೇಹೋದರು. ಹಸಿದ ದೇಹಕ್ಕೆ ಒಮ್ಮೆಲೇ ಸಕ್ಕರೆ ಸಿಕ್ಕರೆ ಇನ್ಸುಲಿನ್ ಏರಿ, ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ತುಂಬಾ ದಿನ ಹಸಿದವರಿಗೆ, ಕುಡಿತ ಜಾಸ್ತಿ ಇದ್ದು ಸೊರಗಿದವರಿಗೆ ಮೊದಲು ಥಯಾಮಿನ್ ವಿಟಮಿನ್ ಕೊಟ್ಟು, ಕಡಿಮೆ ಪ್ರಮಾಣದಿಂದ ಶುರು ಮಾಡಿ, ಪರೀಕ್ಷೆ ಮಾಡ್ತಾ ನಿಧಾನವಾಗಿ ಏರಿಸ್ತಾರೆ. "ಇಷ್ಟು ಕಡಿಮೆ ಯಾಕೆ ಕೊಡ್ತಿದ್ದಾರೆ" ಅಂತ ಮನೆಯವರು ಬೇಜಾರು ಮಾಡಿಕೊಳ್ಳೋದು ಬೇಡ.

ನಾಲ್ಕನೆಯದು ಯಕೃತ್ತು. ವಾರಗಟ್ಟಲೆ ಟಿಪಿಎನ್ ನಡೆದರೆ ಯಕೃತ್ತಿಗೆ ತೊಂದರೆ, ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ಅದಕ್ಕೆ ಸಾಧ್ಯವಾದ ಕೂಡಲೇ ಸ್ವಲ್ಪಸ್ವಲ್ಪ ಬಾಯಿಂದ ಅಥವಾ ಕೊಳವೆಯಿಂದ ಶುರು ಮಾಡ್ತಾರೆ.

ಪಕ್ಕದಲ್ಲಿ ಕೂರುವವರಿಗೆ

• ಟಿಪಿಎನ್ ಪಂಪ್ ಮೂಲಕ ನಿಗದಿತ ವೇಗದಲ್ಲಿ ಹೋಗಬೇಕು. "ಬೇಗ ಮುಗೀಲಿ" ಅಂತ ಯಾರೂ ವೇಗ ಹೆಚ್ಚಿಸಬಾರದು. ಅಲಾರಂ ಕೂಗಿದರೆ ಬಟನ್ ಒತ್ತದೆ ನರ್ಸ್ ಕರೆಯಿರಿ.

• ಲೈನ್ ಇರುವ ಜಾಗದ ಪ್ಲಾಸ್ಟರ್ ಒದ್ದೆಯಾಗಿದ್ದರೆ, ಬಿಚ್ಚಿದ್ದರೆ, ಕೆಂಪಾಗಿದ್ದರೆ, ಕೀವು ಕಂಡರೆ ತಕ್ಷಣ ಹೇಳಿ. ಕೈ ತೊಳೆಯದೆ ಯಾರೂ ಮುಟ್ಟಬಾರದು.

• ಊಟ ಹೋಗುವ ಲೈನ್‌ನಲ್ಲಿ ಬೇರೆ ಇಂಜೆಕ್ಷನ್ ಕೊಡೋದು, ರಕ್ತ ತೆಗೆಯೋದು ಸಾಮಾನ್ಯವಾಗಿ ಮಾಡಲ್ಲ. ಸಂದೇಹ ಬಂದರೆ ವಿನಯದಿಂದ ಕೇಳಿ.

• "ಬಾಯಿಗೆ ಏನೂ ಬೇಡ" ಅಂತ ಡಾಕ್ಟರ್ ಹೇಳಿದ್ದರೆ ಕದ್ದು ಗಂಜಿ, ಎಳನೀರು ಕೊಡಬೇಡಿ. ಪ್ರೀತಿಯಿಂದ ಕೊಟ್ಟ ಎರಡು ಚಮಚ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಹೊಲಿದ ಕರುಳಿನಿಂದ ಸೋರಬಹುದು. ಹಸಿವು ನೋಡೋಕಾಗದಿದ್ದರೆ ಡಾಕ್ಟರ್ ಹತ್ತಿರ ಹೇಳಿ.

• ಮೂಗಿನ ಕೊಳವೆಯಲ್ಲಿ ಊಟ ಕೊಡುವಾಗ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತಿರಲಿ. ಕೊಟ್ಟ ಕೂಡಲೇ ಮಲಗಿಸಬೇಡಿ. ಪ್ರತಿ ಸಲ ಕೊನೆಗೆ ನೀರು ಹಾಕಿ ಕೊಳವೆ ಸ್ವಚ್ಛ ಮಾಡಿ. ರಾಗಿ ಗಂಜಿ ಕೊಡೋದಾದರೆ ತೆಳುವಾಗಿರಲಿ, ಚೆನ್ನಾಗಿ ಸೋಸಿರಲಿ. ಇಲ್ಲದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತೆ.

ಡಾಕ್ಟರ್ ಹತ್ತಿರ ಕೇಳಬೇಕಾದ್ದು

ಅಂಗಡಿ ಇಟ್ಟುಕೊಂಡ ಒಬ್ಬರ ತಂದೆಗೆ ಕರುಳಿನ ಆಪರೇಷನ್ ಆಗಿ ಇವತ್ತಿಗೆ ನಾಲ್ಕು ದಿನ ಅಂದುಕೊಳ್ಳಿ. ಬಾಟಲಿ ನಡೀತಾ ಇದೆ. ಆಗ ಅವರು ರೌಂಡ್ಸ್‌ಗೆ ಬಂದ ಡಾಕ್ಟರ್‌ಗೆ ಕೇಳಬೇಕಾದ್ದು ಇಷ್ಟು: ಇವರಿಗೆ ಊಟ ಯಾವತ್ತು ಶುರುವಾಗಬಹುದು? ಬಾಯಿಂದ ಆಗದಿದ್ದರೆ ಕೊಳವೆಯಿಂದ ಕೊಡಬಹುದಾ? ಅದೂ ಆಗದಿದ್ದರೆ ಟಿಪಿಎನ್ ಬೇಕಾಗುತ್ತಾ? ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲಿದೆಯಾ, ಇಲ್ಲ ಬೇರೆ ಕಡೆ ಹೋಗಬೇಕಾ?

ಕೊನೆಯ ಪ್ರಶ್ನೆ ಮುಖ್ಯ. ಚೀಲ ತಂದು ನೇತುಹಾಕಿದರೆ ಟಿಪಿಎನ್ ಆಗಲ್ಲ. ಸೆಂಟ್ರಲ್ ಲೈನ್ ಹಾಕುವವರು, ಇನ್‌ಫ್ಯೂಷನ್ ಪಂಪ್, ಹಗಲು ರಾತ್ರಿ ಸಕ್ಕರೆ ನೋಡುವ ನರ್ಸ್, ಪೊಟ್ಯಾಶಿಯಂ, ಫಾಸ್ಫೇಟ್ ಪರೀಕ್ಷೆ ಮಾಡುವ ಲ್ಯಾಬ್ ಎಲ್ಲವೂ ಬೇಕು. ಇವು ಇಲ್ಲದ ಕಡೆ ಹಾಕಿಸೋದಕ್ಕಿಂತ ಇರುವ ಕಡೆಗೆ ಸಮಯಕ್ಕೆ ಸರಿಯಾಗಿ ಕಳಿಸೋದೇ ಕ್ಷೇಮ.

ಖರ್ಚಿನ ವಿಷಯವನ್ನೂ ಮೊದಲೇ ಮಾತಾಡಿ. ಟಿಪಿಎನ್ ಚೀಲಕ್ಕೆ ಸಾಮಾನ್ಯ ಡ್ರಿಪ್ ಬಾಟಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಬೆಲೆ. ಲೈನ್, ಪಂಪ್, ಪರೀಕ್ಷೆ ಬೇರೆ. ದಿನಕ್ಕೆ ಎಷ್ಟು, ಎಷ್ಟು ದಿನ ಬೇಕಾಗಬಹುದು ಅಂತ ಕೇಳಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾಗಿದ್ದರೆ, ಪ್ಯಾಕೇಜ್‌ನಲ್ಲಿ ಇದು ಸೇರುತ್ತಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

"ಶಕ್ತಿಗೆ ಒಂದು ಬಾಟಲಿ" ಹಾಕಿಸಿಕೊಳ್ಳೋರಿಗೆ

ಸಂತೆ ದಿನ ಸುಸ್ತಾಯ್ತು, ಕೆಲಸ ಮಾಡಿ ಮೈಕೈ ನೋವು ಅಂತ ಕ್ಲಿನಿಕ್‌ಗೆ ಹೋಗಿ ತಾವಾಗಿ "ಒಂದು ಗ್ಲೂಕೋಸ್ ಹಾಕಿ" ಅನ್ನೋರು ಇದ್ದಾರೆ. ಒಂದು ಗಂಟೆ ಮಲಗಿ ಎದ್ದಾಗ ಹಗುರ ಅನ್ನಿಸೋದು ನಿಜ. ವಿಶ್ರಾಂತಿ ಸಿಕ್ಕಿತು, ನೀರು ಹೋಯಿತು. ಶಕ್ತಿ ಬಂದಿದ್ದು ಐದು ಚಮಚ ಸಕ್ಕರೆಯಷ್ಟು. ಶುಗರ್ ಇರುವವರಿಗೆ ಅದೂ ಬೇಡವಾದದ್ದು. ಹೃದಯ, ಕಿಡ್ನಿ ತೊಂದರೆ ಇರುವ ವಯಸ್ಸಾದವರಿಗೆ ನೀರು ಜಾಸ್ತಿಯಾಗಿ ಉಸಿರುಗಟ್ಟಬಹುದು.

ವಾಂತಿ ಭೇದಿಯಾದಾಗಲೂ, ಕುಡಿಯೋಕೆ ಆಗ್ತಿದ್ದರೆ ಓಆರ್‌ಎಸ್ ಸಾಕಾಗೋದೇ ಹೆಚ್ಚು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿಯತೊಡಗಿದಾಗ, ಪಶ್ಚಿಮ ಬಂಗಾಳದ ಬೋಂಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದರು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಒಂದು ಲೀಟರ್‌ನ ಓಆರ್‌ಎಸ್ ಪುಡಿಯ ಹಿಂದೆ ಇರೋದು ಆ ಅನುಭವ. ಪ್ರಜ್ಞೆ ಮಂಕಾದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಬರದಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಬೇಕು.

ವಾರ್ಡ್‌ನಲ್ಲಿ ನೇತಾಡುವ ಬಾಟಲಿಯ ಮೇಲೆ ಏನು ಬರೆದಿದೆ ಅಂತ ಒಮ್ಮೆ ಓದಿ. ಡೆಕ್ಸ್ಟ್ರೋಸ್ 5%, ಡಿಎನ್‌ಎಸ್, ಎನ್‌ಎಸ್, ಆರ್‌ಎಲ್ ಅಂತ ಇದ್ದರೆ ಅದು ಊಟ ಅಲ್ಲ. ರೋಗಿ ಕೊನೆಯ ಸಲ ಸರಿಯಾಗಿ ಊಟ ಮಾಡಿದ್ದು ಯಾವತ್ತು ಅಂತ ಲೆಕ್ಕ ಹಾಕಿ, ದಿನ ಐದಕ್ಕೆ ಮುಟ್ಟುವ ಮೊದಲೇ ಡಾಕ್ಟರ್‌ಗೆ ಕೇಳಿ: "ಇವರ ಊಟದ ವ್ಯವಸ್ಥೆ ಏನು?"